ಕನ್ನಡಕ ತೆಗೆದಿಟ್ಟು ನೋಡಿದ ಕಾಡು

ದುಡ್ಡು ತಗೊಂಡು ಮಾಡಿದ ನನ್ನ ಮೊದಲ ಗೋಡೆ ಚಿತ್ರ ಒಂದು ಮಗುವಿನ ಕೋಣೆಯದು. ಹತ್ತು ಅಡಿ ಅಗಲ, ಎಂಟು ಅಡಿ ಎತ್ತರ. ಹಿಂದೆ ಬೆಟ್ಟ, ನಡುವೆ ಜಲಪಾತ, ಮುಂದೆ ಬಂಡೆ, ಸುತ್ತ ಕಾಡು. ನಾಲ್ಕು ದಿನ ಏರ್‌ಬ್ರಷ್, ಅಂದರೆ ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ, ಹಿಡಿದು ನಿಂತೆ. ಐದನೇ ದಿನ ಮಗುವಿನ ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ಚೆನ್ನಾಗಿದೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದರೆ ಕನ್ನಡಕ ತೆಗೆದಿಟ್ಟು ನೋಡಿದ ಹಾಗಿದೆ, ಅಲ್ವಾ?" ಅಂದರು.

ಬೇಜಾರಾಯಿತು. ಆದರೆ ಅವರ ಮಾತು ಸರಿಯಾಗೇ ಇತ್ತು. ಮರ, ಬಂಡೆ, ನೀರು, ಎಲೆ, ಎಲ್ಲಕ್ಕೂ ಒಂದೇ ಥರದ ಮೆತ್ತನೆ ಅಂಚು. ಏರ್‌ಬ್ರಷ್ ಕೈಗೆ ಬಂದ ಹೊಸದರಲ್ಲಿ ಮನುಷ್ಯ ಮರುಳಾಗುವುದೇ ಆ ಮೆತ್ತನೆಗೆ. 1879ರ ಸುಮಾರಿಗೆ ಅಮೆರಿಕದಲ್ಲಿ ಅಬ್ನರ್ ಪೀಲರ್ ಇದರ ಮೊದಲ ರೂಪ ಮಾಡಿದ. ಆಮೇಲೆ 1890ರ ದಶಕದಲ್ಲಿ ಚಾರ್ಲ್ಸ್ ಬರ್ಡಿಕ್ ಅದನ್ನು ಸುಧಾರಿಸಿದ. ಆ ಕಾಲದಲ್ಲಿ ಫೋಟೋ ತಿದ್ದುವವರಿಗೆ ಇದು ತುಂಬ ಬೇಕಾಯಿತು. ಕೆನ್ನೆಯ ಮೇಲಿನ ನೆರಳಿಗೆ ಅಂಚು ಕಾಣಬಾರದು, ನೋಡಿ. ಆದರೆ ಕಾಡಿನ ಬಂಡೆ ಕೆನ್ನೆ ಅಲ್ಲ.

ನನ್ನ ಹತ್ತಿರ ಇದ್ದದ್ದು ಮೇಲೆ ಬಟ್ಟಲಿರುವ ಡಬಲ್ ಆಕ್ಷನ್ ಏರ್‌ಬ್ರಷ್, 0.3 ಮಿಲಿಮೀಟರ್ ನೀಡಲ್‌ದು. ಟ್ರಿಗರ್ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಕಾಗದದ ಮೇಲೆ ಎರಡು ತಿಂಗಳು ಬರೀ ಚುಕ್ಕೆ, ಗೆರೆ, ಒಂದು ತುದಿ ದಪ್ಪ ಇನ್ನೊಂದು ತುದಿ ಚೂಪಾದ ಗೀಟು, ಇಷ್ಟೇ ಅಭ್ಯಾಸ ಮಾಡಿದ್ದೆ. ಕಡೆಗೆ ಕೈಗೆ ಕೂತ ಪಾಠ ಒಂದೇ: ನಿಲ್ಲಿಸುವಾಗ ಮೊದಲು ಬಣ್ಣ ನಿಲ್ಲಬೇಕು, ಆಮೇಲೆ ಗಾಳಿ. ಎರಡನ್ನೂ ಒಟ್ಟಿಗೆ ಬಿಟ್ಟರೆ ತುದಿಯಲ್ಲಿ ಬಣ್ಣ ಉಳಿದಿರುತ್ತದೆ. ಮುಂದಿನ ಸಲ ಒತ್ತಿದ ತಕ್ಷಣ ಅದು ಪಿಚಕ್ ಅಂತ ಚಿತ್ರದ ಮೇಲೆ ಹಾರುತ್ತದೆ. ಅಷ್ಟು ಕಲಿತು ಗೋಡೆಗೆ ಇಳಿದೆ. 0.3ರ ನೀಡಲ್‌ನಲ್ಲಿ ಎಂಬತ್ತು ಚದರ ಅಡಿ ತುಂಬಿಸೋದು ಅಂದರೆ ಚಮಚದಲ್ಲಿ ಬಾವಿ ಖಾಲಿ ಮಾಡಿದ ಹಾಗೆ. ಈಗ ಆಕಾಶಕ್ಕೆ, ದೂರದ ಬೆಟ್ಟಕ್ಕೆ ಸಣ್ಣ ಸ್ಪ್ರೇ ಗನ್ ಬಳಸುತ್ತೇನೆ. ನಡುವಿನ ಕೆಲಸಕ್ಕೆ 0.5. ಕಣ್ಣು, ಕೂದಲು, ಗರಿಗೆ ಮಾತ್ರ 0.3.

ಆ ಮನೆಗೆ ವಾಪಸ್ ಹೋದೆ. ಇನ್ನೂ ಎರಡು ದಿನ ಕೊಡಿ, ಅದಕ್ಕೆ ದುಡ್ಡು ಬೇಡ ಅಂದೆ. ಜೊತೆಗೆ ತಗೊಂಡು ಹೋಗಿದ್ದು ಹಳೆಯ ರಟ್ಟು, ದಪ್ಪ ಕಾಗದ, ಮಾಸ್ಕಿಂಗ್ ಟೇಪು. ಕಾಗದವನ್ನು ಕತ್ತರಿಸಲಿಲ್ಲ, ಕೈಯಲ್ಲಿ ಹರಿದೆ. ಹರಿದ ಅಂಚು ಒರಟಾಗಿ, ಅಲ್ಲಲ್ಲಿ ಮೊನಚಾಗಿ ಬರುತ್ತದೆ. ಕಲ್ಲಿನ ಬಿರುಕು ಹೀಗೇ ಇರುತ್ತದಲ್ವಾ? ಆ ಅಂಚನ್ನು ಬಂಡೆಯ ಮೇಲೆ ಒತ್ತಿ ಹಿಡಿದು, ಅದರ ಉದ್ದಕ್ಕೂ ಕಡು ಕಂದು ಹೊಡೆದೆ. ಕಾಗದ ತೆಗೆದರೆ ಒಂದು ಕಡೆ ಚಾಕುವಿನ ಹಾಗೆ ಗೆರೆ, ಇನ್ನೊಂದು ಕಡೆ ನಿಧಾನಕ್ಕೆ ಕರಗುವ ನೆರಳು. ಕಾಗದ ಸ್ವಲ್ಪ ತಿರುಗಿಸಿ, ಕೆಳಗೆ ಜಾರಿಸಿ, ಮತ್ತೆ ಹೊಡೆದೆ. ಹತ್ತು ಹನ್ನೆರಡು ಸಲ ಹೀಗೆ ಮಾಡುವಷ್ಟರಲ್ಲಿ ಮಂಜಿನ ಮುದ್ದೆಯಾಗಿದ್ದದ್ದು ಪದರ ಪದರ ಕಲ್ಲಾಯಿತು. ಅರ್ಧ ಗಂಟೆಯ ಕೆಲಸ. ಸುಮ್ನೆ ನಾಲ್ಕು ದಿನ ಕಳೆದಿದ್ದೆ.

ಅದೇ ಕಾಗದವನ್ನು ಗೋಡೆಯಿಂದ ಅರ್ಧ ಇಂಚು ಎತ್ತಿ ಹಿಡಿದರೆ ಅಂಚು ಸ್ವಲ್ಪ ಮಸುಕಾಗುತ್ತದೆ. ಹಿಂದಿನ ಮರಗಳಿಗೆ ಅದೇ ಬೇಕು. ಕಾಗದವೇ ಇಲ್ಲದೆ, ಆರು ಇಂಚು ದೂರದಿಂದ ಹೊಡೆದರೆ ಮಂಜು. ಮುಂದಿನದಕ್ಕೆ ಗಟ್ಟಿ ಅಂಚು, ನಡುವಿನದಕ್ಕೆ ಅರೆಗಟ್ಟಿ, ದೂರದ್ದಕ್ಕೆ ಮೆತ್ತನೆ. ಮೂರೂ ಒಂದೇ ಗೋಡೆಯಲ್ಲಿ ಇದ್ದಾಗಲೇ ಗೋಡೆಗೆ ಆಳ ಬರುವುದು. ಈಗ ಯಾವ ಚಿತ್ರ ಶುರು ಮಾಡಿದರೂ ಬಣ್ಣಕ್ಕಿಂತ ಮೊದಲು ಸ್ಕೆಚ್ ಮೇಲೆ ಎಲ್ಲಿ ಯಾವ ಅಂಚು ಅಂತ ಗುರುತು ಹಾಕಿಕೊಳ್ಳುತ್ತೇನೆ.

ಜಲಪಾತದ ಬಿಳಿ ಇನ್ನೊಂದು ತಲೆನೋವು. ಕಪ್ಪು ಬಂಡೆಯ ಮೇಲೆ ತೆಳುವಾಗಿ ಬಿಳಿ ಹೊಡೆದರೆ ಅದು ನೀಲಿಯಾಗಿ ಕಾಣುತ್ತದೆ. ಡಬ್ಬಿಯಲ್ಲಿರುವುದು ಅಪ್ಪಟ ಬಿಳಿಯೇ, ಆದರೂ ಗೋಡೆಯಲ್ಲಿ ನೀಲಿ ಛಾಯೆ. ಬಣ್ಣದ ಸಣ್ಣ ಕಣಗಳು ಬೆಳಕು ಚದುರಿಸುವುದರಿಂದ ಹೀಗಾಗುತ್ತದೆ. ಬಿಳಿಗೆ ಒಂದು ಹನಿ ಹಳದಿಯೋ ಕಿತ್ತಳೆಯೋ ಸೇರಿಸಿದರೆ ಸರಿಹೋಗುತ್ತದೆ. ನೀರಿಗಂತೂ ಆ ನೀಲಿ ಚೆನ್ನಾಗೇ ಒಪ್ಪುತ್ತದೆ, ಹಾಗೇ ಬಿಟ್ಟೆ. ಮುಖಕ್ಕೆ ಬಿಟ್ಟರೆ ಹೆಣದ ಬಣ್ಣ ಬರುತ್ತದೆ.

ಗೋಡೆಯ ಪಾಠ ಕಲಿತದ್ದು ಮಾತ್ರ ನಮ್ಮ ಮನೆಯಲ್ಲೇ. ಮೆಟ್ಟಿಲ ಪಕ್ಕದ ಗೋಡೆಗೆ ಹೊಸದಾಗಿ ಸಿಮೆಂಟ್ ಹಾಕಿಸಿದ್ದೆವು. ಎರಡು ವಾರಕ್ಕೇ ಪ್ರೈಮರ್ ಹೊಡೆದು, ಒಂದು ಜೋಡಿ ಕೊಕ್ಕರೆ ಬರೆದೆ. ತಿಂಗಳೊಳಗೆ ಕೊಕ್ಕರೆಯ ಕಾಲ ಹತ್ತಿರ ಬಿಳಿ ಉಪ್ಪು ಹೂವಿನ ಹಾಗೆ ಅರಳಿತು, ಬಣ್ಣ ಸಿಪ್ಪೆ ಏಳುವುದಕ್ಕೆ ಶುರುವಾಯಿತು. ಒಳಗಿನ ತೇವ ಹೊರಗೆ ಬರುವಾಗ ಉಪ್ಪನ್ನೂ ಎಳೆದು ತರುತ್ತದೆ. ಹೊಸ ಗಾರೆಗೆ ಕಡಿಮೆ ಅಂದರೂ ನಾಲ್ಕು ವಾರ ಬಿಡಬೇಕು. ಅನುಮಾನ ಇದ್ದರೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಮಾರನೇ ದಿನ ಒಳಗೆ ಬೆವರು ಕಂಡರೆ ಬ್ರಷ್ ಮುಟ್ಟಬೇಡಿ. ಯಾರ ಮನೆಗೆ ಹೋದರೂ ನಾನು ಮೊದಲು ಮಾಡುವ ಕೆಲಸ ಇದೇ. ಕೆಲವರು ನಗುತ್ತಾರೆ, ನಗಲಿ.

ಬಣ್ಣ ನೀರಿನ ಅಕ್ರಿಲಿಕ್. ಬಟ್ಟಲಿನ ಗೋಡೆಗೆ ಹಚ್ಚಿದರೆ ಹಾಲಿನ ಹಾಗೆ ಜಾರಿ ಇಳಿಯುವಷ್ಟು ತೆಳು. ಗಾಳಿಯ ಒತ್ತಡ 20ರಿಂದ 30 ಪಿಎಸ್‌ಐ (ಒತ್ತಡದ ಅಳತೆ), ತೀರ ಸಣ್ಣ ಗೆರೆಗೆ 15. ಬಣ್ಣ ಜಾಸ್ತಿ ತೆಳುವಾಗಿದ್ದು ಹತ್ತಿರದಿಂದ ಹೊಡೆದರೆ ಜೇಡದ ಕಾಲಿನ ಹಾಗೆ ನಾಲ್ಕೂ ಕಡೆ ಹರಿದು ಓಡುತ್ತದೆ. ಗಾಳಿ ಒದಗಿಸುವ ಕಂಪ್ರೆಸರ್ ಟ್ಯಾಂಕ್ ಇರುವುದನ್ನೇ ತಗೊಳ್ಳಿ, ಅದಕ್ಕೂ ಏರ್‌ಬ್ರಷ್‌ಗೂ ನಡುವೆ ನೀರು ಹಿಡಿಯುವ ಟ್ರ್ಯಾಪ್ ಇರಲೇಬೇಕು. ಇಲ್ಲದಿದ್ದರೆ ಒಳ್ಳೆಯ ಆಕಾಶದ ನಡುವೆ ನೀರಿನ ಹನಿ ಉಗುಳುತ್ತದೆ.

ಇನ್ನೊಂದು ಮಾತು, ಇದನ್ನು ಸ್ವಲ್ಪ ಗಟ್ಟಿಯಾಗೇ ಹೇಳುತ್ತೇನೆ. ನೀರಿನ ಬಣ್ಣ ಅಂತ ಮಾಸ್ಕ್ ಬಿಡಬೇಡಿ. ಸ್ಪ್ರೇ ಆದ ಮೇಲೆ ಅದು ಪುಡಿ, ಎದೆಯೊಳಗೆ ಹೋಗುತ್ತದೆ. ಮೊದಲ ದಿನ ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದೆ. ಸಂಜೆ ಮೂಗು ಸೀನಿದರೆ ಹಸಿರು. ಈಗ ಫಿಲ್ಟರ್ ಇರುವ ರೆಸ್ಪಿರೇಟರ್ ಇಲ್ಲದೆ ಟ್ರಿಗರ್ ಮುಟ್ಟುವುದಿಲ್ಲ. ಕ್ಯಾಡ್ಮಿಯಂ ಅನ್ನುವ ವಿಷದ ಲೋಹ ಇರುವ ಬಣ್ಣವನ್ನಂತೂ ಸ್ಪ್ರೇಗೆ ಹಾಕುವುದೇ ಇಲ್ಲ. ಆ ಪುಡಿ ಮನೆಯ ನೆಲದ ಮೇಲೂ ಕೂರುತ್ತದೆ, ಚಿತ್ರದ ಕೆಳಭಾಗದ ಮೇಲೂ ಕೂರುತ್ತದೆ. ವಾರ್ನಿಷ್‌ಗೆ ಮೊದಲು ಮೆತ್ತನೆ ಒಣ ಬಟ್ಟೆಯಲ್ಲಿ ಒರೆಸದಿದ್ದರೆ ಬಣ್ಣವೆಲ್ಲ ಮಾಸಿದ ಹಾಗೆ ಉಳಿದುಬಿಡುತ್ತದೆ. ವಾರ್ನಿಷ್ ಮ್ಯಾಟ್ ಇರಲಿ. ಹೊಳಪಿನದು ಹಾಕಿದರೆ ಕಾಡಿನ ಬದಲು ಎದುರಿನ ಕಿಟಕಿ ಕಾಣುತ್ತದೆ.

ಗಿರಾಕಿಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಅರ್ಧ ಮುಂಗಡ, ಬಣ್ಣ ಹಾಕಿದ ಸಣ್ಣ ಸ್ಕೆಚ್ ಮೇಲೆ ಅವರ ಒಪ್ಪಿಗೆ, ಆಮೇಲೆ ಎರಡು ಸಲ ತಿದ್ದುಪಡಿ. ಇದನ್ನು ಬರೆದುಕೊಡುತ್ತೇನೆ. ಬರೆಯದ ಒಂದು ಕೆಲಸದಲ್ಲಿ "ಇಲ್ಲೊಂದು ಜಿಂಕೆ ಇದ್ದರೆ ಚೆನ್ನ" ಅಂತ ಶುರುವಾಗಿ ಕೊನೆಗೆ ಐದು ಜಿಂಕೆ ಆದವು. ಗೋಡೆಯ ಪಕ್ಕ ಯಾವ ಸಾಮಾನು ಬರುತ್ತದೆ ಅಂತಲೂ ಮೊದಲೇ ಕೇಳಿ. ನಾನು ಮೂರು ದಿನ ಕೂತು ಬರೆದ ಹುಲಿಯ ಮುಂದೆ ಬೀರು ನಿಲ್ಲಿಸಿದ್ದಾರೆ. ಈಗ ಬಾಲ ಮಾತ್ರ ಕಾಣುತ್ತದೆ.

ಆ ಮೊದಲ ಮನೆಯಲ್ಲಿ ಎರಡನೇ ದಿನ ಸಂಜೆ ಮಗು ಬಂದು ಬಂಡೆಯ ಬಿರುಕಿಗೆ ಬೆರಳು ಹಾಕಲು ನೋಡಿತು. ಬೆರಳು ಗೋಡೆಗೆ ತಾಗಿ, ಬಣ್ಣ ಇನ್ನೂ ಪೂರ್ತಿ ಒಣಗಿರದೆ, ಒಂದು ಪುಟ್ಟ ಬೆರಳಚ್ಚು ಬಿತ್ತು. ತಿದ್ದಲು ಹೊರಟೆ. ಅವರಮ್ಮ ಬೇಡ ಅಂದರು.