ಗಮ್ ಇಲ್ದೆ ಬಾಯಿ ಮುಚ್ಚೋ ಪೇಪರ್ ಕವರ್, ಸೈಡಲ್ಲಿ ಫ್ಲಾಪ್ ಇರೋದು, ಮನೇಲೇ ಮಾಡ್ಕೊಳೋದು ಹೇಗೆ

ನಮ್ಮ ತೀರ್ಥಹಳ್ಳಿ ಕಡೆ ಜುಲೈ ತಿಂಗಳಲ್ಲಿ ಅಂಗಡಿ ಕವರಿನ ಕಟ್ಟು ಬಿಚ್ಚಿದೋರಿಗೆ ನಾನು ಹೇಳೋದು ಅರ್ಥ ಆಗತ್ತೆ. ಅರ್ಧಕ್ಕರ್ಧ ಕವರ್ ಒಳಗೆ ಏನೂ ಹಾಕೋ ಮುಂಚೆನೇ ತಾವಾಗೇ ಬಾಯಿ ಮುಚ್ಕೊಂಡು ಕೂತಿರ್ತವೆ. ಫ್ಲಾಪಿಗೆ ಹಚ್ಚಿರೋ ಗಮ್ ನೀರು ತಾಗಿದ್ರೆ ಅಂಟೋ ಜಾತಿದು, ಅದಕ್ಕೆ ಎಂಜಲಾದ್ರೇನು ಗಾಳೀಲಿರೋ ತೇವ ಆದ್ರೇನು, ಎಲ್ಲಾ ಒಂದೇ. ಪಕ್ಕದ ಆಗುಂಬೇಲಿ ವರ್ಷಕ್ಕೆ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ನಮ್ಮಲ್ಲಿ ಅಷ್ಟಿಲ್ದಿದ್ರೂ ಗೋಡೆ ಬೆವರೋದಂತೂ ತಪ್ಪಲ್ಲ.

ಸರಿ, ಗಮ್ ಬೇಡ ಅಂತ ಸ್ಟೇಪ್ಲರ್ ಹೊಡೆದ್ರೆ ಪಿನ್ನು ತುಕ್ಕು ಹಿಡಿದು ಪಹಣಿ ಮೇಲೆ ಕಂದು ಕಲೆ, ರಬ್ಬರ್ ಬ್ಯಾಂಡ್ ಹಾಕಿದ್ರೆ ಎರಡು ವರ್ಷಕ್ಕೆ ಕರಗಿ ಕಾಗದಕ್ಕೇ ಮೆತ್ಕೊಳತ್ತೆ, ಸೆಲ್ಲೋಟೇಪ್ ಹಾಕಿದ್ರೆ ತೆಗೆಯುವಾಗ ಕವರಿನ ಚರ್ಮನೇ ಕಿತ್ತು ಬರತ್ತೆ. ಪ್ಲಾಸ್ಟಿಕ್ ಕವರ್ ವಿಷಯ ಕೇಳ್ಬೇಡಿ, ಸ್ವಲ್ಪ ತೇವ ಇರೋ ಕಾಗದ ಅದ್ರಲ್ಲಿ ಹಾಕಿ ಕಟ್ಟಿಟ್ರೆ ದಸರಾ ಹೊತ್ತಿಗೆ ಬೂಷ್ಟು ಗ್ಯಾರಂಟಿ.

ಹಾಗಾಗಿ ನಾನೀಗ ಮಾಡ್ಕೊಳೋ ಕವರಿಗೆ ಬಾಯಿ ಮುಚ್ಚೋದು ಕಾಗದಾನೇ. ಫ್ಲಾಪಿನ ತುದಿಗೆ ಒಂದು ನಾಲಿಗೆ, ಕವರಿನ ಬೆನ್ನಿಗೆ ಒಂದು ಸೀಳು, ನಾಲಿಗೆ ಸೀಳಿನೊಳಗೆ ಹೋಗಿ ಕಿವಿ ಅಗಲಿಸ್ಕೊಂಡು ನಿಲ್ಲತ್ತೆ. ಬೇಕಾದಾಗ ತೆಗಿ, ಮತ್ತೆ ಹಾಕು. ಮೊದಲೆಲ್ಲ ಮದುವೆ ಕಾಗದ ಬುಕ್ ಪೋಸ್ಟಲ್ಲಿ ಬರ್ತಿದ್ದ ಕಾಲದಲ್ಲಿ ಕವರ್ ಅಂಟಿಸೋ ಹಾಗಿರ್ಲಿಲ್ಲ, ಫ್ಲಾಪ್ ಒಳಗೆ ಸಿಗಿಸಿ ಕಳಿಸ್ತಿದ್ರು, ನೆನಪಿರಬಹುದು. ಇದು ಅದರದ್ದೇ ತಮ್ಮ, ಸ್ವಲ್ಪ ಹುಷಾರಿನ ತಮ್ಮ ಅಷ್ಟೇ.

ಬಾಯಿ ಯಾಕೆ ಸೈಡಲ್ಲಿ ಅಂದ್ರೆ, ನಾನು ಇದನ್ನೆಲ್ಲ ಟ್ರಂಕಲ್ಲಿ ಉದ್ದುದ್ದ ಸಾಲಾಗಿ ನಿಲ್ಲಿಸಿಡೋದು. ಉದ್ದದ ಕಡೆ ಬಾಯಿದ್ರೆ ಕಾಗದ ತೆಗೆಯೋಕೆ ಅಷ್ಟಗಲ ಬಾಯಿ ಬಿಡಿಸ್ಬೇಕು, ಮಡಿಸಿದ ಕಾಗದ ಅಡ್ಡಡ್ಡ ಬಿದ್ದೋಗತ್ತೆ. ಗಿಡ್ಡ ಕಡೆ ಬಾಯಿದ್ರೆ ಮೂತಿ ಚಿಕ್ಕದು, ಕವರ್ ಗಟ್ಟಿ ಇರತ್ತೆ, ಕಾಗದ ಸರ್ರಂತ ಜಾರಿ ಬರತ್ತೆ.

ಕಾಗದ ಯಾವ್ದು ಅಂತ ಮೊದಲು ನೋಡೋಣ. ಝೆರಾಕ್ಸ್ ಅಂಗಡಿ ಎ4 ಹಾಳೆ 70, 75 ಜಿಎಸ್‌ಎಮ್ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗತ್ತೆ ಅನ್ನೋ ಲೆಕ್ಕ) ಇರತ್ತೆ, ಅದು ಬೀಜದ ಪೊಟ್ಟಣಕ್ಕೆ ಓಕೆ, ದಾಖಲೆ ಇಡೋ ಕವರಿಗೆ ಸಾಲಲ್ಲ, ನಾಲಿಗೆ ಬೇಗ ಮೆತ್ತಗಾಗತ್ತೆ. 100ರಿಂದ 120 ಜಿಎಸ್‌ಎಮ್ ಬ್ರೌನ್ ಪೇಪರ್ ಬೆಸ್ಟು. ಶಿವಮೊಗ್ಗ ಗಾಂಧಿ ಬಜಾರ್ ಕಡೆ ಹೋದಾಗ ದೊಡ್ಡ ಶೀಟೇ ತಗೊಂಡ್ಬಿಡಿ, ಪುಸ್ತಕಕ್ಕೆ ಬೈಂಡ್ ಹಾಕೋ ತೆಳು ರೋಲ್ ಬೇಡ. ಗೋಡೆ ಕ್ಯಾಲೆಂಡರ್ ಹಾಳೆನೂ ಆಗತ್ತೆ, ಆದ್ರೆ ಅದರ ನುಣುಪು ಕಡೆ ಅಂಟು ಸರಿಯಾಗಿ ಹಿಡಿಯಲ್ಲ, ಅಂಟೋ ಜಾಗನ ಸ್ವಲ್ಪ ಉಪ್ಪುಕಾಗದದಲ್ಲಿ ಉಜ್ಜಿ. ಭದ್ರಾವತೀಲಿ 1936ರಲ್ಲಿ ಶುರುವಾದ ಎಂಪಿಎಂ, ಅದೇ ಮೈಸೂರು ಪೇಪರ್ ಮಿಲ್ಸ್, ನಡೀತಿದ್ದಾಗ ನಮ್ಮ ಜಿಲ್ಲೆಯಲ್ಲೇ ಕಾಗದ ಆಗ್ತಿತ್ತು, ಈಗ ಆ ಮಾತು ಎತ್ತಿ ಏನು ಬಂತು.

ಕಾಗದಕ್ಕೆ ನಾರಿನ ದಿಕ್ಕು ಅಂತ ಒಂದಿರತ್ತೆ, ಇದನ್ನ ಯಾರೂ ಹೇಳ್ಕೊಡಲ್ಲ. ನ್ಯೂಸ್ ಪೇಪರ್ ಒಂದು ದಿಕ್ಕಿಗೆ ಹರಿದ್ರೆ ಗೆರೆ ಎಳೆದ ಹಾಗೆ ಹರಿಯತ್ತೆ, ಇನ್ನೊಂದು ದಿಕ್ಕಿಗೆ ಹರಿದ್ರೆ ಅಡ್ಡಾದಿಡ್ಡಿ, ಅದೇ ಅದು. ನೀಟಾಗಿ ಹರಿಯೋ ದಿಕ್ಕೇ ನಾರಿನ ದಿಕ್ಕು. ಫ್ಲಾಪಿನ ಮಡಿಕೆ ಗೆರೆ ಆ ದಿಕ್ಕಿಗೇ ಇರೋ ಹಾಗೆ ಕಾಗದ ಇಟ್ಕೊಳಿ, ಯಾಕಂದ್ರೆ ನೂರು ಸಲ ತೆಗೆದು ಹಾಕೋ ಮಡಿಕೆ ಅದೊಂದೇ, ಉಳಿದದ್ದೆಲ್ಲ ಒಂದ್ಸಲ ಮಡಿಚಿ ಅಂಟಿಸಿದ್ರೆ ಮುಗೀತು. ಅಡ್ಡ ಮಡಿಚಿದ್ರೆ ದಪ್ಪ ಕಾಗದ ಮೇಲುಗಡೆ ಬಿರುಕು ಬಿಡತ್ತೆ.

ಈಗ ಅಳತೆ. ಎ4 ಹಾಳೆನ ಮೂರು ಮಡಿಕೆ ಮಾಡಿದ್ರೆ 99 ಮಿಮೀ ಅಗಲ 210 ಮಿಮೀ ಉದ್ದ ಆಗತ್ತೆ, ಅದು ಆರಾಮಾಗಿ ಕೂರೋಕೆ ಕವರ್ 220 ಉದ್ದ 110 ಅಗಲ ಇರ್ಲಿ. ಇದಕ್ಕೆ ಬೇಕಾಗೋ ಕಾಗದ 295 ಉದ್ದ, 235 ಎತ್ತರ, ಅಂದ್ರೆ ಎ4 ಸಾಲಲ್ಲ, ಎ3 ಒಂದರಲ್ಲಿ ಒಂದು ಕವರ್.

ಕಾಗದದ ಒಳಮೈ ಮೇಲೆ ಬರೋ ಹಾಗೆ ಅಡ್ಡ ಇಟ್ಕೊಂಡು ಪೆನ್ಸಿಲಲ್ಲಿ ನಾಲ್ಕು ಗೆರೆ ಎಳೀರಿ. ಎಡಗಡೆಯಿಂದ 15 ಮಿಮೀಗೆ ನೆಟ್ಟಗೆ ಒಂದು, ಬಲಗಡೆಯಿಂದ 60ಕ್ಕೆ ನೆಟ್ಟಗೆ ಇನ್ನೊಂದು. ಕೆಳಗಿಂದ 110ಕ್ಕೆ ಅಡ್ಡ ಒಂದು, 220ಕ್ಕೆ ಅಡ್ಡ ಇನ್ನೊಂದು. ನಡುವಲ್ಲಿ ಬಂದಿರೋ ದೊಡ್ಡ ಚೌಕ ಕವರಿನ ಮುಖ, ಅದರ ಕೆಳಗಿನದು ಬೆನ್ನು, ಮೇಲೆ ಮತ್ತೆ ಎಡಕ್ಕೆ ಇರೋ 15ರ ಪಟ್ಟಿಗಳು ಅಂಟಿಸೋಕೆ, ಬಲಕ್ಕಿರೋ 60 ನಮ್ಮ ಫ್ಲಾಪು. ನಾಲ್ಕು ಮೂಲೆ ತುಂಡುಗಳು ಬೇಡ, ಕತ್ತರಿಸಿ ತೆಗೀರಿ, ಆದ್ರೆ ಬಿಸಾಡ್ಬೇಡಿ, ಬಲಗಡೆ ಕೆಳಗಿನ ದೊಡ್ಡ ತುಂಡು ಆಮೇಲೆ ಬೇಕು. ಮಡಿಕೆ ಗೆರೆಗಳ ಮೇಲೆ ಸ್ಕೇಲಿಟ್ಟು ಇಂಕ್ ಖಾಲಿಯಾದ ಬಾಲ್ ಪೆನ್ನಲ್ಲಿ ಒತ್ತಿ ಗೀರಿ, ಆಗ ಮಡಿಕೆ ನೆಟ್ಟಗೆ ಬರತ್ತೆ.

ಫ್ಲಾಪಿನ ಆಕಾರದಲ್ಲಿ ಅವಸರ ಮಾಡ್ಬೇಡಿ. ಮಡಿಕೆ ಹತ್ತಿರ ಎರಡೂ ಕಡೆ 2 ಮಿಮೀ ಒಳಗೆ ಶುರು ಮಾಡಿ, ಅಲ್ಲಿಂದ ಓರೆಯಾಗಿ ಕಿರಿದು ಮಾಡ್ತಾ ಬನ್ನಿ, ಮಡಿಕೆಯಿಂದ 40 ಮಿಮೀ ದೂರಕ್ಕೆ ಬರುವಾಗ ಅಗಲ 44 ಆಗಿರ್ಬೇಕು. ಇದು ಕುತ್ತಿಗೆ. ಅಲ್ಲಿಂದಾಚೆ ಉಳಿದ 20 ಮಿಮೀ ನಾಲಿಗೆ, ಅದರ ಬುಡದಲ್ಲಿ ಅಗಲ 54, ಅಂದ್ರೆ ಕುತ್ತಿಗೆಯಿಂದ ಆಚೆಗೊಂದು ಈಚೆಗೊಂದು 5 ಮಿಮೀ ಕಿವಿ ಹೊರಗೆ ಬಂದಿರತ್ತೆ. ತುದಿ ಉರುಟಾಗಿರ್ಲಿ, ಚೂಪು ಮೂಲೆ ಇದ್ರೆ ಸೀಳಿಗೆ ಸಿಕ್ಕಾಕೊಂಡು ಮಡಚಿಹೋಗತ್ತೆ.

ಸೀಳು ಬೆನ್ನಿನ ಮೇಲೆ, ಬಾಯಿ ಅಂಚಿಂದ 38 ಮಿಮೀ ಒಳಗೆ, ಅಂಚಿಗೆ ಸಮನಾಗಿ, ಉದ್ದ 46. ಮೇಲೆ ಕೆಳಗೆ 32-32 ಬಿಟ್ರೆ ಸರಿಯಾಗಿ ಮಧ್ಯ ಬರತ್ತೆ. ಕುತ್ತಿಗೆ 44, ಸೀಳು 46, ಕಿವಿ 54, ಬೀಗ ಇರೋದು ಈ ಮೂರು ನಂಬರಲ್ಲಿ. ನಾಲಿಗೆನ ಬೆರಳಲ್ಲಿ ಸ್ವಲ್ಪ ಬಗ್ಗಿಸಿದ್ರೆ ಅಗಲ ಕಮ್ಮಿಯಾಗಿ ಒಳಗೆ ಹೋಗತ್ತೆ, ಒಳಗೆ ಹೋಗಿ ಚಪ್ಪಟೆ ಆದ್ಮೇಲೆ ಕಿವಿ ಅಡ್ಡ ನಿಂತು ತಾನಾಗಿ ಹೊರಗೆ ಬರಲ್ಲ. ಸೀಳು 38ಕ್ಕೆ, ಕುತ್ತಿಗೆ 40ಕ್ಕೆ ಯಾಕೆ ಅಂದ್ರೆ ಒಳಗೆ ಕಾಗದ ತುಂಬಿದಾಗ ಹೊಟ್ಟೆ ಉಬ್ಬತ್ತೆ, ಆಗ ಫ್ಲಾಪ್ ಅಷ್ಟು ದೂರ ಮುಟ್ಟಲ್ಲ. ನಾಲ್ಕೈದು ಹಾಳೆಗೆ ಈ 2 ಮಿಮೀ ಸಾಕು. ಹತ್ತು ಹಾಳೆ ಮೂರು ಮಡಿಕೆ ಮಾಡಿ ತುರುಕ್ತೀನಿ ಅಂದ್ರೆ ಅದೇ 3 ಮಿಮೀ ದಪ್ಪ ಬರತ್ತೆ, ಆಗ ಸೀಳು 35ಕ್ಕೆ ಹಾಕ್ಕೊಳಿ.

ಸೀಳನ್ನ ಅಂಟಿಸೋ ಮುಂಚೆನೇ ಕೊಯ್ಬೇಕು. ನಾನು ಮೊದಲನೇದು ಮಾಡುವಾಗ ಅಂಟಿಸಿ ಒಣಗಿಸಿ ಎಲ್ಲಾ ಆದ್ಮೇಲೆ ನೆನಪಾಗಿ ಬ್ಲೇಡ್ ಹಾಕ್ದೆ, ಮುಖಕ್ಕೂ ತೂತು ಬಿತ್ತು. ಕೊಯ್ಯೋಕೆ ಮುಂಚೆ ಸೀಳಿನ ಎರಡೂ ತುದಿಗೆ ದಬ್ಬಣದಲ್ಲಿ, ಅದೇ ಅಡಿಕೆ ಮೂಟೆ ಹೊಲಿಯೋದು, ಒಂದೊಂದು ಸಣ್ಣ ತೂತು ಮಾಡಿ, ಆಮೇಲೆ ತೂತಿಂದ ತೂತಿಗೆ ಬ್ಲೇಡ್ ಎಳೀರಿ. ಬರೀ ಬ್ಲೇಡಿನ ಸೀಳಾದ್ರೆ ತುದಿ ಚೂಪಾಗಿರತ್ತೆ, ಹತ್ತು ಸಲ ನಾಲಿಗೆ ಎಳೆದ್ರೆ ಅಲ್ಲಿಂದಲೇ ಹರಿಯೋಕೆ ಶುರು, ಗುಂಡಗಿನ ತೂತಿದ್ರೆ ಎಳೆತ ಒಂದೇ ಕಡೆ ಬೀಳಲ್ಲ.

ಇನ್ನು ತೇಪೆ. ನನ್ನ ಪ್ರಕಾರ ಈ ಕವರಲ್ಲಿ ಇರೋ ಬುದ್ಧಿ ಎಲ್ಲಾ ಇದ್ರಲ್ಲೇ ಇದೆ. ಸೀಳು ಮಾತ್ರ ಇದ್ರೆ ನಾಲಿಗೆ ಸೀದಾ ಒಳಗಿನ ಕಾಗದದ ಮಧ್ಯಕ್ಕೆ ನುಗ್ಗತ್ತೆ. ಚಿಕ್ಕಪ್ಪನಿಗೆ ಕಂದಾಯದ ರಸೀದಿ ಇಡೋಕೆ ಅಂತ ಕೊಟ್ಟ ಕವರಲ್ಲಿ ಹಾಗೇ ಆಗಿ, ನಾಲಿಗೆ ಮಡಿಸಿದ ರಸೀದಿ ನಡುವೆ ಹೋಗಿ ಕೂತಿತ್ತು, ಅವರು ಅವಸರದಲ್ಲಿ ಎಳೆದಾಗ ರಸೀದಿ ಮೂಲೆ ಕಿವಿಗೆ ಸಿಕ್ಕಿ ಪರ್ರಂತ ಹರೀತು. "ಎಂತ ಮಾರಾಯ, ಕವರ್ ಭದ್ರ, ಒಳಗಿದ್ದಿದ್ದು ಚೂರು" ಅಂದ್ರು. ಇವತ್ತಿಗೂ ಯಾರಾದ್ರೂ ನೆಂಟ್ರು ಬಂದ್ರೆ ಆ ಕಥೆ ಬರತ್ತೆ.

ಆಮೇಲೆ ಹೊಳೀತು, ಸೀಳಿನ ಹಿಂದೆ ಒಂದು ಜೇಬು ಇದ್ರೆ ಮುಗೀತಲ್ಲ. ಆಗ ಎತ್ತಿಟ್ಟ ತುಂಡಿಂದ 85 ಎತ್ತರ 50 ಅಗಲದ ತೇಪೆ ಕೊಯ್ಕೊಳಿ. ಬೆನ್ನಿನ ಒಳಮೈಗೆ, ಸೀಳು ಮುಚ್ಚೋ ಹಾಗೆ, ತೇಪೆಯ ಬಲ ಅಂಚು ಬಾಯಿಂದ 26 ಮಿಮೀ ದೂರಕ್ಕೆ ಬರೋ ಹಾಗೆ ಇಡಿ, ಮೇಲೆ ಕೆಳಗೆ ಸಮ. ಅಂಟು ಹಚ್ಚೋದು ಸುತ್ತ 10 ಮಿಮೀ ಅಂಚಿಗೆ ಮಾತ್ರ, ಮಧ್ಯ ಖಾಲಿ ಬಿಡ್ಬೇಕು. ಸೀಳನ್ನ 35ಕ್ಕೆ ಹಾಕಿದೋರು ತೇಪೆನೂ 3 ಮಿಮೀ ಬಾಯಿ ಕಡೆಗೆ ಸರಿಸಿ. ಈಗ ನಾಲಿಗೆ ಬೆನ್ನಿಗೂ ತೇಪೆಗೂ ಮಧ್ಯ ಹೋಗಿ ಕೂರತ್ತೆ, ಒಳಗಿನ ಕಾಗದಕ್ಕೂ ಅದಕ್ಕೂ ಸಂಬಂಧನೇ ಇಲ್ಲ. ಜೊತೆಗೆ ಸೀಳಿನ ಸುತ್ತ ಎರಡು ಪದರ ಆಗಿ ಗಟ್ಟಿ, ಮತ್ತೆ ಸೀಳಿಂದ ಬೀಜ ಉದುರಲ್ಲ, ಅಮ್ಮ ಹರಿವೆ ಬೀಜ ಹಾಕಿಟ್ಟು ನೋಡಿದ್ದಾರೆ, ಹರಿವೆ ಬೀಜ ನಿಂತ್ರೆ ಇನ್ಯಾವ ಬೀಜನೂ ನಿಲ್ಲತ್ತೆ. ಬೀಜ ಮಾತ್ರ ಚೆನ್ನಾಗಿ ಒಣಗಿರ್ಬೇಕು, ಇದು ಕಾಗದ, ತೇವ ತಡೆಯಲ್ಲ, ಮಳೆಗಾಲದಲ್ಲಿ ಕವರ್ ಸಮೇತ ಡಬ್ಬಿಗೆ ಹಾಕಿ ಮುಚ್ಚಿಡಿ. ತೇಪೆಯ ನಾರಿನ ದಿಕ್ಕು ಬೆನ್ನಿನ ನಾರಿನ ದಿಕ್ಕಿಗೇ ಇರ್ಲಿ, ತೇವಕ್ಕೆ ಕಾಗದ ನಾರಿಗೆ ಅಡ್ಡವಾಗಿ ಜಾಸ್ತಿ ಹಿಗ್ಗತ್ತೆ, ಎರಡು ಪದರ ಬೇರೆ ಬೇರೆ ದಿಕ್ಕಿಗೆ ಹಿಗ್ಗಿದ್ರೆ ಅಲ್ಲಿ ಹಪ್ಪಳದ ಹಾಗೆ ಸೊಟ್ಟ ಆಗತ್ತೆ.

ಅಂಟಿಗೆ ಫೆವಿಕಾಲ್ ಇದ್ರೆ ಅದನ್ನೇ ತೆಳ್ಳಗೆ ಹಚ್ಚಿ. ಹತ್ತಿಪ್ಪತ್ತು ಕವರ್ ಮಾಡೋದಾದ್ರೆ ಮೈದಾ ಅಂಟು ಸಾಕು, ಒಂದು ಲೋಟ ಮೈದಾಗೆ ಐದು ಲೋಟ ನೀರು ಗಂಟಿಲ್ಲದ ಹಾಗೆ ಕಲಸಿ, ಸಣ್ಣ ಉರೀಲಿ ಮಗುಚ್ತಾ ಇದ್ರೆ ಬಿಳಿ ಹೋಗಿ ಗಾಜಿನ ಥರ ಆಗತ್ತೆ, ಆಗ ಇಳಿಸಿ. ಬೈಂಡಿಂಗ್ ಮಾಡೋರು ಇದಕ್ಕೆ ಒಂದು ಚಿಟಿಕೆ ಮೈಲುತುತ್ತ ಹಾಕ್ತಿದ್ರು, ಹುಳ ಬೂಷ್ಟು ಬರ್ಬಾರ್ದು ಅಂತ. ಅಡಿಕೆ ತೋಟ ಇದ್ದೋರ ಮನೇಲಿ ಮೈಲುತುತ್ತಕ್ಕೆ ಬರಗಾಲ ಇಲ್ಲ, ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋಕೆ 100 ಲೀಟರ್ ನೀರಿಗೆ 1 ಕೆಜಿ ಹಾಕೋದು ಅದನ್ನೇ. ಆದ್ರೆ ಅದು ವಿಷ, ಅಡುಗೆ ಪಾತ್ರೆ ಬೇಡ, ಹಳೇ ಡಬ್ಬಿಲಿ ಮಾಡಿ, ಮಕ್ಕಳ ಕೈಗೆ ಸಿಗದ ಹಾಗಿಡಿ, ಬೀಜದ ಪೊಟ್ಟಣಕ್ಕಂತೂ ಹಾಕ್ಲೇಬೇಡಿ.

ತೇಪೆ ಒಣಗಿದ್ಮೇಲೆ ಬೆನ್ನನ್ನ ಮುಖದ ಮೇಲೆ ಮಡಿಚಿ, ಮೇಲಿನ ಪಟ್ಟಿ ಎಡದ ಪಟ್ಟಿ ಎರಡನ್ನೂ ಬೆನ್ನಿನ ಹೊರಗಡೆಗೆ ಮಡಿಚಿ ಅಂಟಿಸಿ. ಅಂಟು ಒಳಗೆ ಒಸರಿದ್ರೆ ಮುಖ ಬೆನ್ನು ಎರಡೂ ಅಂಟಿಹೋಗತ್ತೆ, ಅದಕ್ಕೆ ಒಣಗೋ ತನಕ ಒಳಗೆ ಒಂದು ಹಾಲಿನ ಪ್ಯಾಕೆಟ್ಟಿನ ತುಂಡು ಹಾಕಿಟ್ಟಿರಿ. ಮೇಲೆ ಮಣೆ ಇಟ್ಟು ಅದರ ಮೇಲೆ ಕುಟ್ಟಾಣಿನೋ ಏನೋ ಭಾರ. ಬೇಸಿಗೇಲಿ ಒಂದು ಗಂಟೆ, ಮಳೆಗಾಲದಲ್ಲಿ ರಾತ್ರಿ ಪೂರ್ತಿ ಬಿಡಿ.

ಬಾಯಿ ಅಂಚಲ್ಲಿ ಬೆರಳು ಹಾಕೋಕೆ ಅರ್ಧ ಚಂದ್ರದ ಕೊಯ್ತ ಬೇಕಂದ್ರೆ ಹತ್ತು ರೂಪಾಯಿ ಕಾಯಿನ್ ಇಟ್ಟು ಅರ್ಧ ಗುಂಡು ಗೀರಿ, 27 ಮಿಮೀ ಇರತ್ತೆ, ಬರೀ ಬೆನ್ನಿಗೆ ಮಾತ್ರ, ಇದೂ ಅಂಟಿಸೋ ಮುಂಚೆನೇ. ಸೀಳು 35ಕ್ಕೆ ಇದ್ರೂ ಕೊಯ್ತ ತೇಪೆಗೆ ತಾಗಲ್ಲ. ಬೀಜದ ಕವರಿಗೆ ಇದು ಬೇಡ.

ತೆಗೆಯುವಾಗ ಫ್ಲಾಪ್ ಹಿಡಿದು ಮೇಲಕ್ಕೆ ಎತ್ಬೇಡಿ. ಕುತ್ತಿಗೆ ಹತ್ತಿರ ಎರಡು ಕಡೆಯಿಂದ ಬೆರಳಲ್ಲಿ ಮೆಲ್ಲಗೆ ಒತ್ತಿ ನಡು ಉಬ್ಬಿಸಿ, ಬಾಯಿ ಕಡೆಗೆ ಎಳೀರಿ, ಒಂದು ಕಿವಿ ಮೊದಲು ಬರತ್ತೆ, ಇನ್ನೊಂದು ಹಿಂದೆನೇ. ಕಿವಿ ಮೆತ್ತಗಾಗೋಕೆ ಶುರುವಾದ್ರೆ ನಾಲಿಗೆ ಮೇಲೆ ಅದೇ ಆಕಾರದ ಇನ್ನೊಂದು ಕಾಗದ ಅಂಟಿಸಿ. ಪೋಸ್ಟಿಗೆ ಹಾಕೋದಾದ್ರೆ ಮಾತ್ರ ಇದನ್ನೇ ನಂಬ್ಕೊಂಡು ಕೂರ್ಬೇಡಿ, ದಾರೀಲಿ ಫ್ಲಾಪ್ ಏನಕ್ಕಾದ್ರೂ ಸಿಕ್ಕಿ ಎದ್ದೇಳಬಹುದು, ಮೇಲೊಂದು ಟೇಪ್ ಹಾಕಿ.

ಕವರ್ ಮೇಲೆ ಬರೆಯೋದಿದ್ರೆ ಮಡಿಚೋ ಮುಂಚೆ ಬರ್ಕೊಳಿ, ಅದೂ ಪೆನ್ಸಿಲಲ್ಲಿ, ಜೆಲ್ ಪೆನ್ ತೇವಕ್ಕೆ ಹರಡತ್ತೆ. ಹೋದ್ವರ್ಷ ಅಮ್ಮ ಜೆಲ್ ಪೆನ್ನಲ್ಲಿ ಬರೆದಿಟ್ಟ ಮೂರು ಪೊಟ್ಟಣ ಈಗ್ಲೂ ಡಬ್ಬೀಲಿದೆ, ಮೂರ್ರಲ್ಲೂ ನೀಲಿ ಮೋಡ, ಹೀರೆ ಯಾವ್ದು ಹಾಗಲ ಯಾವ್ದು ಅಂತ ಪ್ರತಿ ಸಲ ನಾಲಿಗೆ ತೆಗೆದು ಒಳಗೆ ನೋಡ್ಬೇಕು.