ಕಾಲು ಉಳುಕಿದ ತಕ್ಷಣ ಬಿಸಿ ಎಣ್ಣೆ ತಿಕ್ಕಬೇಡಿ

ಮೊನ್ನೆ ಮೆಟ್ಟಿಲು ಇಳಿಯುವಾಗ ಕಾಲು ಉಳುಕಿತು. ಸ್ವಲ್ಪ ಹೊತ್ತಿಗೇ ಹರಡು ಬನ್ನಿನ ಹಾಗೆ ಊದಿತ್ತು. ಅಮ್ಮ ಬಿಸಿ ಎಣ್ಣೆ ಹಿಡ್ಕೊಂಡು ಬಂದೇಬಿಟ್ಟರು! ಬೇಡ ಅಂದೆ.

ಪೆಟ್ಟಾದ ಜಾಗದಲ್ಲಿ ಹಿಸ್ಟಮಿನ್, ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ರಕ್ತನಾಳ ಹಿಗ್ಗುತ್ತದೆ, ಅದಕ್ಕೇ ಅಲ್ಲಿ ಕೆಂಪು, ಬಿಸಿ. ನಾಳದ ಗೋಡೆ ಸಡಿಲವಾಗಿ ನೀರಿನಂಶ ಹೊರಗೆ ಸೋರುತ್ತದೆ, ಅದೇ ಊತ. ಜೊತೆಗೆ ಬಿಳಿ ರಕ್ತಕಣಗಳೂ ಬಂದು ಹಾಳಾದದ್ದನ್ನು ಗುಡಿಸಿ ಹಾಕುತ್ತವೆ. ಇಂಥ ಹೊತ್ತಲ್ಲಿ ಬಿಸಿ ಕೊಟ್ಟು ತಿಕ್ಕಿದರೆ ಊತ ಇನ್ನೂ ಜಾಸ್ತಿಯಾಗಬಹುದು.

ಮೊದಲ ಎರಡು ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ, ದಿನಕ್ಕೆ ಮೂರ್ನಾಲ್ಕು ಸಲ. ಕ್ರೇಪ್ ಬ್ಯಾಂಡೇಜ್ ಕಟ್ಟಿ, ತೀರಾ ಬಿಗಿ ಬೇಡ. ಮಲಗುವಾಗ ಕಾಲಿನ ಕೆಳಗೆ ಎರಡು ದಿಂಬು.

ಇಬುಪ್ರೊಫೆನ್ ಅನ್ನುವ ನೋವಿನ ಮಾತ್ರೆ ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತದೆ, ಹಾಗಾಗಿ ನೋವಿನ ಜೊತೆ ಊತವೂ ಕಡಿಮೆಯಾಗಬಹುದು. ಪ್ಯಾರಾಸಿಟಮಾಲ್ ನೋವಿಗೆ ಸರಿ, ಊತಕ್ಕೆ ಅಷ್ಟಕ್ಕಷ್ಟೇ. ಆದರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇದ್ದವರು, ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಇಬುಪ್ರೊಫೆನ್ ಮುಟ್ಟಬೇಡಿ. ಡೆಂಗ್ಯೂ ಅನುಮಾನ ಇದ್ದಾಗಲೂ ಬೇಡವೇ ಬೇಡ.

ನಾಲ್ಕು ಹೆಜ್ಜೆ ಇಡೋಕೂ ಆಗ್ತಿಲ್ವಾ? ಐಸು ಗೀಸು ಅಂತ ಕೂರದೆ ಹೋಗಿ ಎಕ್ಸ್‌ರೇ ಮಾಡಿಸಿ.