ಮೈಲುತುತ್ತು, ಮಂಡಲದ ಹಾವು, ಮುನ್ನೂರು ಪ್ರಶ್ನೆ

ಕಿರ್ಗಿಸ್ತಾನದಲ್ಲಿ ಡಾಕ್ಟರ್ ಓದಿ ಬಂದವರು ಸಾಮಾನ್ಯವಾಗಿ ಹೊರದೇಶದಲ್ಲಿ ಓದಿದವರು ಇಲ್ಲಿ ಡಾಕ್ಟರಾಗಲು ಪಾಸಾಗಬೇಕಾದ ಎಫ್‌ಎಂಜಿಇ ಪರೀಕ್ಷೆಯ ಕೋಚಿಂಗ್‌ಗೆಂದು ಡೆಲ್ಲಿಗೋ ತಿರುವನಂತಪುರಕ್ಕೋ ಹೋಗಿ ರೂಮ್ ಮಾಡುತ್ತಾರೆ. ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ನಮ್ಮ ಮನೆಯಲ್ಲೇ ಕುಳಿತೆ. ದುಡ್ಡಿನ ವಿಷಯವೂ ಇತ್ತು, ಮುಚ್ಚಿಡುವುದು ಎಂತಕ್ಕೆ. ಆದರೆ ಓದುತ್ತಾ ಹೋದ ಹಾಗೆ ಇನ್ನೊಂದು ಕಾರಣ ಗಟ್ಟಿಯಾಯಿತು. ಈ ಪರೀಕ್ಷೆ ಕೇಳುವುದು ನಮ್ಮ ದೇಶದ ಕಾಯಿಲೆಗಳನ್ನು, ನಮ್ಮ ದೇಶದ ವಿಷಗಳನ್ನು, ನಮ್ಮ ಸರಕಾರಿ ಆರೋಗ್ಯ ಕಾರ್ಯಕ್ರಮಗಳನ್ನು. ಅದರಲ್ಲಿ ಅರ್ಧದಷ್ಟು ನಮ್ಮ ಪಂಚಾಯತಿಯೊಳಗೇ ಉಂಟು.

ಬಿಷ್ಕೆಕ್‌ನಲ್ಲಿ ಕಲಿಸಲಿಲ್ಲ ಎಂದು ನಾನು ಹೇಳುವುದಿಲ್ಲ. ಕುರಿ ಸಾಕುವ ನಾಡು ಅದು. ಜಾನುವಾರಿನಿಂದ ಬರುವ ಬ್ರುಸೆಲ್ಲೋಸಿಸ್ ಜ್ವರ, ಹುಳದಿಂದ ಲಿವರಿನಲ್ಲಾಗುವ ಹೈಡಾಟಿಡ್ ಸಿಸ್ಟ್ ಎಂಬ ನೀರುಗುಳ್ಳೆ ಇವನ್ನೆಲ್ಲ ವಾರ್ಡಿನಲ್ಲೇ ಕಂಡೆ. ರೋಗಿಗಳ ಹತ್ತಿರ ರಷ್ಯನ್‌ನಲ್ಲಿ ಮಾತಾಡಿ ಹಿಸ್ಟರಿ ತೆಗೆದುಕೊಳ್ಳಲೂ ಕಲಿತೆ. ಆದರೆ ಹಾವು ಕಚ್ಚಿದವರನ್ನು ನೋಡಲಿಲ್ಲ, ಇಲಿ ಜ್ವರ ನೋಡಲಿಲ್ಲ, ಆಶಾ ಕಾರ್ಯಕರ್ತೆಯ ಕೆಲಸ ಏನೆಂದು ಯಾರೂ ಹೇಳಲಿಲ್ಲ. ಅಲ್ಲಿ ಅದರ ಅಗತ್ಯವೂ ಇರಲಿಲ್ಲ.

ಪರೀಕ್ಷೆಯ ಲೆಕ್ಕ ಸರಳ. 300 ಪ್ರಶ್ನೆ, 150ರ ಎರಡು ಭಾಗ, ಒಂದೊಂದಕ್ಕೆ 150 ನಿಮಿಷ. 150 ಸರಿಯಾದರೆ ಪಾಸ್. ತಪ್ಪಿದರೆ ಅಂಕ ಕಳೆಯುವುದಿಲ್ಲ, ರ‍್ಯಾಂಕ್ ಇಲ್ಲ. ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಇಷ್ಟು ಸಲೀಸಾಗಿ ಕಾಣುವ ಪರೀಕ್ಷೆಯಲ್ಲಿ ಹೆಚ್ಚಿನ ಸಲ ಮೂರರಲ್ಲಿ ಒಬ್ಬರೂ ಪಾಸಾಗುವುದಿಲ್ಲ. ಹತ್ತೊಂಬತ್ತು ವಿಷಯಗಳನ್ನು ಅನಾಟಮಿಯಿಂದ ಶುರುಮಾಡಿ ಕ್ರಮವಾಗಿ ಓದಲು ಹೊರಟವರು ಮೆಡಿಸಿನ್ ತಲುಪುವಾಗ ಅನಾಟಮಿ ಮರೆತಿರುತ್ತಾರೆ, ಇದು ನಾನು ಸುತ್ತಮುತ್ತ ಕಂಡದ್ದು. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಮೂರಕ್ಕೂ 17 17 ಅಂಕ. ಮೆಡಿಸಿನ್‌ಗೆ 33, ಸರ್ಜರಿಗೆ 32, ಹೆರಿಗೆ ಮತ್ತು ಸ್ತ್ರೀರೋಗಕ್ಕೆ 30, ಪಿಎಸ್‌ಎಂ ಅಂದರೆ ಸಮುದಾಯ ಆರೋಗ್ಯಕ್ಕೂ 30. ಮಕ್ಕಳ ವಿಭಾಗ, ಕಣ್ಣು, ಇಎನ್‌ಟಿ ತಲಾ 15. ಹಾಗಾಗಿ ನಾನು ಪಿಎಸ್‌ಎಂನಿಂದ ಶುರು ಮಾಡಿದೆ. ಹೊರದೇಶದಲ್ಲಿ ಓದಿದವರಿಗೆ ಅತಿ ಅಪರಿಚಿತ ವಿಷಯ ಅದು, ಮತ್ತೆ ಓದಿದ್ದಕ್ಕೆ ಅಂಕ ಸಿಗುವುದು ಗ್ಯಾರಂಟಿ.

ಲಸಿಕೆ ಪಟ್ಟಿ ನನಗೆ ಪುಸ್ತಕದಿಂದ ತಲೆಗೆ ಹತ್ತಲಿಲ್ಲ. ಅಕ್ಕನ ಮಗುವಿನ ತಾಯಿ ಕಾರ್ಡ್ ಮನೆಯಲ್ಲೇ ಇತ್ತು. ಹುಟ್ಟಿದಾಗ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ. ಆರು, ಹತ್ತು, ಹದಿನಾಲ್ಕು ವಾರಕ್ಕೆ ಐದು ರೋಗಗಳಿಗೆ ಒಂದೇ ಲಸಿಕೆಯಾದ ಪೆಂಟಾವಲೆಂಟ್. ಒಂಬತ್ತು ತಿಂಗಳಿಗೆ ದಡಾರ, ರುಬೆಲ್ಲಾದ ಎಂಆರ್. ಪೋಲಿಯೋ ಇಂಜೆಕ್ಷನ್ನಿನ ಮೂರನೆಯ ಡೋಸನ್ನು 2023ರ ಜನವರಿಯಿಂದ ಒಂಬತ್ತು ತಿಂಗಳಿಗೆ ಸೇರಿಸಿದ್ದಾರೆ, ಹಳೆ ನೋಟ್ಸ್‌ನಲ್ಲಿ ಅದಿಲ್ಲ. ಸಬ್‌ಸೆಂಟರಿನ ಸಿಸ್ಟರ್ ಹತ್ತಿರ ಒಂದು ಮಧ್ಯಾಹ್ನ ಕುಳಿತು ಕೇಳಿದೆ. "ಡಾಕ್ಟರ್ ಆಗುವವರು ನಮ್ಮ ಹತ್ತಿರ ಕೇಳುವುದಾ?" ಎಂದು ನಕ್ಕರು, ಆದರೆ ಯಾವುದನ್ನು ಎಡ ತೋಳಿಗೆ, ಯಾವುದನ್ನು ತೊಡೆಗೆ, ತೆರೆದ ವಯಲ್ ಎಷ್ಟು ಹೊತ್ತು ಇಡಬಹುದು ಎಂದು ಒಂದೂ ಬಿಡದೆ ಹೇಳಿಕೊಟ್ಟರು. ಬಯಲು ಪ್ರದೇಶದಲ್ಲಿ ಸಬ್‌ಸೆಂಟರಿಗೆ 5,000 ಜನ, ಗುಡ್ಡಗಾಡಿನಲ್ಲಿ 3,000 ಎಂಬುದನ್ನು ಆಮೇಲೆ ನಾನು ಉರು ಹೊಡೆಯಬೇಕಾಗಲಿಲ್ಲ.

ವಿಷಶಾಸ್ತ್ರದ ಸಂಗತಿ ಇನ್ನೂ ಸ್ವಾರಸ್ಯ. ಫೊರೆನ್ಸಿಕ್‌ಗೆ 10 ಅಂಕ ಮಾತ್ರ, ಆದರೆ ಫಾರ್ಮಾದಲ್ಲೂ ಮೆಡಿಸಿನ್‌ನಲ್ಲೂ ಅದೇ ವಿಷಗಳು ಬೇರೆ ವೇಷದಲ್ಲಿ ಬರುತ್ತವೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದ ಹಾಗೆ ಬೋರ್ಡೋ ಮದ್ದು ಬಿಡುತ್ತೇವಲ್ಲ, ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಆ ಮೈಲುತುತ್ತೇ ಪರೀಕ್ಷೆಯ ಕಾಪರ್ ಸಲ್ಫೇಟ್. ಹೊಟ್ಟೆಗೆ ಹೋದರೆ ನೀಲಿ ಹಸಿರು ವಾಂತಿ, ರಕ್ತಕಣ ಒಡೆದು ಕಾಮಾಲೆ, ಆಮೇಲೆ ಕಿಡ್ನಿ; ಕೊಡುವ ಮದ್ದು ಪೆನಿಸಿಲಮೈನ್. ವಿಲ್ಸನ್ ಕಾಯಿಲೆಗೂ ಅದೇ ಪೆನಿಸಿಲಮೈನ್ ಯಾಕೆಂದು ಪ್ರತ್ಯೇಕ ಹೇಳಬೇಕಾಗಿಲ್ಲ, ಅಲ್ಲೂ ತಾಮ್ರವೇ.

ಎಂಡೋಸಲ್ಫಾನ್ ಕೀಟನಾಶಕದ ಬಗ್ಗೆ ನಮ್ಮ ಎಣ್ಮಕಜೆ ಪಂಚಾಯತಿನವರಿಗೆ ಪಾಠ ಮಾಡಬೇಕೇ? ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿದ್ದು, ಅಂಗವೈಕಲ್ಯದಿಂದ ನರಳಿದ ಪಡ್ರೆಯ ಮಕ್ಕಳು, ಎಲ್ಲ ಕಣ್ಣೆದುರು ಉಂಟು. ಆದರೂ ಪುಸ್ತಕ ಬಿಡಿಸಿದಾಗ ಒಂದು ವಿಷಯ ಹೊಸದಾಗಿ ಕಂಡಿತು. ಎಂಡೋಸಲ್ಫಾನ್ ಆರ್ಗನೋಕ್ಲೋರಿನ್, ಮೆದುಳನ್ನು ಶಾಂತವಾಗಿಡುವ ಗಾಬಾ ರಿಸೆಪ್ಟರನ್ನು ತಡೆಯುತ್ತದೆ, ಅಪಸ್ಮಾರ ಬರುತ್ತದೆ. ಕಣ್ಣಿನ ಪಾಪೆ ಸಣ್ಣದಾಗಿ ಬಾಯಲ್ಲಿ ನೊರೆ ಸುರಿಯುವುದು ಆರ್ಗನೋಫಾಸ್ಫೇಟ್‌ನಲ್ಲಿ. ಅಟ್ರೋಪಿನ್, ಪ್ರಾಲಿಡಾಕ್ಸಿಮ್ ಅದಕ್ಕೆ. ಎರಡನ್ನೂ "ತೋಟದ ವಿಷ" ಎಂದು ಒಂದೇ ಗಂಟಿಗೆ ಕಟ್ಟಿದರೆ ಅಂಕ ಹೋಗುತ್ತದೆ, ಕ್ಯಾಶುವಾಲಿಟಿಯಲ್ಲಾದರೆ ಅಂಕಕ್ಕಿಂತ ದೊಡ್ಡದು ಹೋಗುತ್ತದೆ.

ಹಾವಿನದ್ದೂ ಹಾಗೆಯೇ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ. ಪಶ್ಚಿಮ ಘಟ್ಟದ ಹಂಪ್ ನೋಸ್ಡ್ ಪಿಟ್ ವೈಪರ್‌ಗೆ ಅದು ನಾಟುವುದಿಲ್ಲ. ಮಂಡಲ ಕಚ್ಚಿದ ಸಂಶಯವಿದ್ದರೆ ಒಣ ಗಾಜಿನ ಟ್ಯೂಬಿನಲ್ಲಿ ಎರಡು ಎಂಎಲ್ ರಕ್ತ ಹಾಕಿ ಇಪ್ಪತ್ತು ನಿಮಿಷ ಮುಟ್ಟದೆ ಬಿಡಬೇಕು. ಆಮೇಲೆ ವಾಲಿಸಿದಾಗ ಹೆಪ್ಪುಗಟ್ಟದೆ ಹರಿದರೆ ಪ್ರತಿವಿಷ ಶುರು. ರಾತ್ರಿ ನೆಲದಲ್ಲಿ ಮಲಗಿದ್ದವರು ಬೆಳಿಗ್ಗೆ ಹೊಟ್ಟೆನೋವು, ರೆಪ್ಪೆ ಎತ್ತಲಾಗುವುದಿಲ್ಲ ಎಂದು ಬಂದರೆ, ಗಾಯ ಕಾಣದಿದ್ದರೂ ಕಟ್ಟುಹಾವು. ಇಂಥ ಪ್ರಶ್ನೆ ಬಂದಾಗ ಆಯ್ಕೆಗಳನ್ನು ಓದುವ ಮೊದಲೇ ಉತ್ತರ ಬಾಯಿಗೆ ಬರುತ್ತಿತ್ತು.

ಎಲ್ಲವನ್ನೂ ಊರು ಕಲಿಸುವುದಿಲ್ಲ. ಬಯೋಕೆಮಿಸ್ಟ್ರಿಯ ಎನ್‌ಜೈಮ್‌ಗಳು, ಭ್ರೂಣಶಾಸ್ತ್ರ, ರೇಡಿಯಾಲಜಿ ಚಿತ್ರಗಳು, ಇವಕ್ಕೆ ಹಳೆ ಪ್ರಶ್ನೆಗಳನ್ನು ತಿರುಗಿ ತಿರುಗಿ ಬಿಡಿಸುವುದೇ ದಾರಿ. ಬೆಳಿಗ್ಗೆ ಕರೆಂಟ್ ಇರುವಾಗ ರೆಕಾರ್ಡೆಡ್ ಕ್ಲಾಸ್, ಮಧ್ಯಾಹ್ನದ ಮೇಲೆ ಪ್ರಶ್ನೆ, ರಾತ್ರಿ ತಪ್ಪಿದ್ದು ಮಾತ್ರ. ಭಾನುವಾರ ಪೂರ್ತಿ 300 ಪ್ರಶ್ನೆ, ಎರಡು ಭಾಗವಾಗಿ, ಗಡಿಯಾರ ಇಟ್ಟುಕೊಂಡು. ಐದು ಗಂಟೆ ಕುರ್ಚಿಯಲ್ಲಿ ಕೂರುವ ಅಭ್ಯಾಸವೂ ಬೇಕಲ್ಲ. ಗೊತ್ತಿಲ್ಲದ್ದಕ್ಕೂ ಒಂದು ಗುರುತು ಹಾಕಿಯೇ ಮುಂದೆ ಹೋಗುವುದು, ಒಂದನ್ನೂ ಖಾಲಿ ಬಿಡಬಾರದು.

ಮನೆಯಲ್ಲಿ ಕುಳಿತು ಓದುವುದರ ಕಷ್ಟ ಪಠ್ಯದ್ದಲ್ಲ, ಮದುವೆ ಮನೆಗಳದ್ದು. "ಎಂತ ಮಾರಾಯ, ಡಾಕ್ಟರ್ ಆಗಿ ಬಂದು ಇನ್ನೂ ಓದುವುದುಂಟಾ?" ಎಂದು ಕೈ ತೊಳೆಯುವಲ್ಲಿಯೂ ಕೇಳುತ್ತಾರೆ. "ಹೌದು ಮಾವ, ಉಂಟು" ಎಂದು ಪಾಯಸಕ್ಕೆ ಕುಳಿತುಕೊಳ್ಳುವುದು ಒಳ್ಳೆಯದು. ವಿವರಿಸಲು ಹೊರಟರೆ ಅರ್ಧ ದಿನ ಹೋಗುತ್ತದೆ.

ಹೊರದೇಶಕ್ಕೆ ಓದಲು ಹೊರಡುವವರಿಗೂ ಒಂದು ಮಾತು ಉಂಟು. 2021ರ ನವೆಂಬರ್ 18ರ ನಂತರ ಸೇರಿದವರಿಗೆ ಕೋರ್ಸ್ ಕನಿಷ್ಠ 54 ತಿಂಗಳಿರಬೇಕು, ಇಂಗ್ಲಿಷ್ ಮಾಧ್ಯಮವಿರಬೇಕು, ಅದೇ ಕಾಲೇಜಿನಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು. ಇಲ್ಲಿ ಮತ್ತೆ 12 ತಿಂಗಳು ಬೇರೆ. ಏಜೆಂಟರು ಹೇಳುವುದನ್ನು ಬಿಟ್ಟು ನಿಯಮವನ್ನೇ ಓದಿ ಸೇರಿ. ಎಫ್‌ಎಂಜಿಇ ಬದಲಿಗೆ ನೆಕ್ಸ್ಟ್ ಎಂಬ ಹೊಸ ಪರೀಕ್ಷೆ ಬರುತ್ತದೆಂದು ಓದುವುದನ್ನು ಮುಂದೂಡುವವರೂ ಇದ್ದಾರೆ. 2023ರಲ್ಲಿ ಅದನ್ನೇ ಮುಂದೂಡಿದರು.

ಪಾಸಾದ ಮೇಲೆ ಇಂಟರ್ನ್‌ಶಿಪ್‌ಗೆ ರಾಜ್ಯ ಮೆಡಿಕಲ್ ಕೌನ್ಸಿಲಿನ ತಾತ್ಕಾಲಿಕ ನೋಂದಣಿ ಬೇಕು. ಕೇರಳದ್ದು ತಿರುವನಂತಪುರದಲ್ಲಿ, ನಮಗೆ ರಾಜ್ಯದ ಇನ್ನೊಂದು ತುದಿ. ಡಿಗ್ರಿ, ಅಂಕಪಟ್ಟಿ, ಅವು ಅಸಲಿ ಎಂದು ಓದಿದ ದೇಶದ ಸರಕಾರ ಕೊಡುವ ಅಪೊಸ್ಟಿಲ್ ದೃಢೀಕರಣ, ಪಾಸ್‌ಪೋರ್ಟಿನ ವಲಸೆ ಮುದ್ರೆ ಇರುವ ಪ್ರತಿ ಪುಟದ ಜೆರಾಕ್ಸ್, ಇವನ್ನೆಲ್ಲ ಫಲಿತಾಂಶಕ್ಕೆ ಕಾಯದೆ ಜೋಡಿಸಿಟ್ಟಿದ್ದೆ. ಅಪೊಸ್ಟಿಲ್ ಮಾತ್ರ ಆ ದೇಶದಲ್ಲಿರುವಾಗಲೇ ಮಾಡಿಸಿಕೊಂಡು ಬನ್ನಿ. ಇಲ್ಲಿ ಕುಳಿತು ಅದನ್ನು ಮಾಡಿಸುವುದಕ್ಕಿಂತ ಫಾರ್ಮಾಕಾಲಜಿ ಸುಲಭ.